ಕಾಲುವೆಗೆ ಕೊಟ್ಟ ಶಿಕ್ಷೆ

ನಮ್ಮೂರಲ್ಲಿ ಚಟ್ಟ ಕಟ್ಟುವವನು ನಾನು. ಹೆಸರು ಕಾಟಣ್ಣ. ಮದುವೆಮನೆಯವರು ನನ್ನನ್ನು ಊಟದ ಹೊತ್ತಿಗೆ ಬಾ ಅನ್ನುತ್ತಾರೆಯೇ ಹೊರತು ಧಾರೆಯ ಹೊತ್ತಿಗಲ್ಲ. ನನಗೇನೂ ಬೇಸರವಿಲ್ಲ, ಇವತ್ತು ಮುಖ ತಿರುಗಿಸುವವರೂ ಒಂದು ದಿನ ನನ್ನ ಕೈಗೇ ಬರಬೇಕು. ಎರಡು ಬಿದಿರಿನ ಗಳ, ಅಡ್ಡಕ್ಕೆ ಒಂದಿಷ್ಟು ದಬ್ಬೆ, ತೆಂಗಿನ ಗರಿ, ಹುರಿ ಇದ್ದರೆ ಚಟ್ಟ ಮುಗಿದ ಹಾಗೆ. ಇಲ್ಲಿ ಕಷ್ಟ ಇರುವುದು ಕಟ್ಟುವುದರಲ್ಲಲ್ಲ, ಎತ್ತುವುದರಲ್ಲಿ. ಹೊಣೆ ಹೇಳದೆ ನಮ್ಮೂರಲ್ಲಿ ಹೆಣ ಏಳುವುದಿಲ್ಲ.

ಸತ್ತವರ ಕಾಲ ಬಳಿ ಒಬ್ಬರು ನಿಂತು, ಇಂಥ ತಪ್ಪು ನನ್ನಿಂದಾಯಿತು, ಹೊಣೆ ನನ್ನದು ಅನ್ನಬೇಕು. ಹೆಣಕ್ಕೆ ಬೇಕಾದ ಮಾತು ಅದೇ ಆಗಿದ್ದರೆ ಮೈ ಹಗುರವಾಗುತ್ತದೆ, ನಾಲ್ಕು ಹೆಗಲು ಸಾಕು. ಅಲ್ಲದಿದ್ದರೆ ಊರಿಗೆ ಊರೇ ಕೈಹಾಕಿದರೂ ಚಾಪೆ ಬಿಟ್ಟು ಕದಲುವುದಿಲ್ಲ. ಸಾವಿಗೆ ಕಾರಣವಾದ ತಪ್ಪೇ ಆಗಬೇಕೆಂದಿಲ್ಲ. ಹೋದವರಿಗೆ ಎಲ್ಲಿ ಅನ್ಯಾಯವಾಗಿತ್ತೋ ಅಲ್ಲಿಯ ಮಾತು ಬೇಕು, ಅದು ಯಾವುದೆಂದು ಹೆಣಕ್ಕೇ ಗೊತ್ತು. ದಲ್ಲಾಳಿ ಈರಭದ್ರಪ್ಪನ ತಾಯಿ ತೀರಿಕೊಂಡಾಗ ಗಂಡುಮಕ್ಕಳೆಲ್ಲ ಎದೆ ಬಡಿದುಕೊಂಡು ಹೊಣೆ ಹೇಳಿದರು, ಮುದುಕಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಎದುರುಮನೆಯ ಹೆಂಗಸು ಬಂದು, ಈಯಮ್ಮನ ಕೈಯಡಿಗೆ ಸಪ್ಪೆ ಎಂದು ಕೇರಿ ತುಂಬ ಹೇಳಿಕೊಂಡು ಬಂದವಳು ನಾನು ಅಂದಳು. ಮುದುಕಿ ಎದ್ದಳು. ಆ ಮಕ್ಕಳ ಮುಖ ಅವತ್ತು ನೋಡುವ ಹಾಗಿತ್ತು.

ಇದಕ್ಕೆ ಒಂದಿಷ್ಟು ಕಟ್ಟುಪಾಡುಗಳಿವೆ. ಇನ್ನೊಬ್ಬರ ಹೊಣೆಯನ್ನು ನಾವು ಹೇಳುವಂತಿಲ್ಲ, ಬೆರಳು ತೋರಿಸುವಂತಿಲ್ಲ, ಅವರೇ ಬಂದು ಹೇಳಬೇಕು. ಹೇಳಿದವರು ತಲೆಯ ಕಡೆ ಹೆಗಲು ಕೊಡಬೇಕು, ಅದಕ್ಕೆ ಗಂಡಸು ಹೆಂಗಸು ಎಂದಿಲ್ಲ. ಮಣ್ಣು ಮಾಡಿ ತಿರುಗಿ ಬಂದ ಮೇಲೆ ಆ ತಪ್ಪಿನ ಮಾತನ್ನು ಊರಲ್ಲಿ ಯಾರೂ ಎತ್ತುವಂತಿಲ್ಲ. ಹೊಸದಾಗಿ ವರ್ಗವಾಗಿ ಬಂದ ಪೊಲೀಸರು ಮೊದಮೊದಲು ಹಾರಾಡುತ್ತಾರೆ, ಆಮೇಲೆ ಅವರಿಗೂ ಅಭ್ಯಾಸವಾಗುತ್ತದೆ.

ಇಂಥ ಊರಿಗೆ ಹೈಮವತಿ ಮೇಡಂ ಬಂದರು. ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವರು. ರಾಜರು ಯಾರನ್ನು ಗೆದ್ದರು ಎಂಬುದು ಅವರಿಗೆ ಬೇಕಿರಲಿಲ್ಲ. ಹಳೇ ಕಾಲದಲ್ಲಿ ಊರಿನ ನ್ಯಾಯ ಹೇಗೆ ನಡೆಯುತ್ತಿತ್ತು, ಊರಿನ ಆರೋಗ್ಯವನ್ನು ಹೇಗೆ ಕಾಯುತ್ತಿದ್ದರು, ನೀರಿಗೆ ಕೊಳೆ ಬಿಟ್ಟವನಿಗೆ ಏನು ಶಿಕ್ಷೆ, ರೋಗ ಬಂದ ಬೀದಿಯನ್ನು ಯಾರು ನೋಡಿಕೊಳ್ಳುತ್ತಿದ್ದರು, ಇದೇ ಅವರ ಚಿಂತೆ. ನಲವತ್ತೈದರ ಆಸುಪಾಸು, ಮದುವೆಯಾಗಿರಲಿಲ್ಲ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಊರೆಲ್ಲ ಹುಡುಕುವ ಪೈಕಿ. ಹೊಂಡದ ಮಗ್ಗುಲಲ್ಲಿ ಪಾಲಮ್ಮನ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದರು.

ಪಾಲಮ್ಮ ಹೊಂಡದ ಕಟ್ಟೆಯ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಮಾರುವವಳು. ಗಂಡ ಲಾರಿಗೆ ಮೂಟೆ ಹೊರುತ್ತಿದ್ದ, ಜ್ವರ ಬಂದು ಹೋದ. ಅವತ್ತು ಪಾಲಮ್ಮ, ಮೈ ಬಿಸಿ ಅಂದಾಗ ಕೆಲಸಗಳ್ಳ ಅಂದೆ, ಹೊಣೆ ನಂದು ಅಂದಳು. ಅವನು ತಡಮಾಡದೆ ಎದ್ದ. ಗಂಡ ಹೆಂಡತಿ ಅನ್ಯೋನ್ಯವಾಗಿದ್ದರು ಎಂದು ಊರೆಲ್ಲ ಹೊಗಳಿತು. ಆಮೇಲೆ ಅವಳಿಗೆ ಉಳಿದದ್ದು ಮಗಳು ವೇಣಿ ಒಬ್ಬಳೇ. ಎರಡನೇ ಕ್ಲಾಸು, ಮುಂದಿನ ಹಲ್ಲು ಬಿದ್ದಿದ್ದವು, ಬಾಯಿಗೆ ಬಿಡುವಿರಲಿಲ್ಲ.

ಮೇಡಂ ಕುಡಿಯುವ ನೀರನ್ನು ಕಾಯಿಸಿ ಆರಿಸಿ, ಕೆಂಪು ಮುಚ್ಚಳದ ಸ್ಟೀಲ್ ಬಾಟಲಿಗೆ ತುಂಬಿಕೊಳ್ಳುತ್ತಿದ್ದರು. ನಮ್ಮ ಹೊಂಡದ ನೀರಿಗೆ ಅಂಥ ಅವಮಾನ ಯಾರೂ ಮಾಡಿರಲಿಲ್ಲ. ವೇಣಿ ಬೀದಿಯಲ್ಲಿ ನಿಂತು, ನಮ್ಮ ಮನೆ ಆಂಟಿ ನೀರನ್ನೂ ಬೇಯಿಸ್ಕೊಂಡು ತಿಂತಾರೆ ಎಂದು ಸಾರುತ್ತಿದ್ದಳು. ಆದರೆ ಆ ಬಾಟಲಿಯ ಮೇಲೆ ಅವಳಿಗೆ ಕಣ್ಣು. ನಂಗೂ ಇಂಥದ್ದೇ ಬೇಕು ಎಂದು ಹಟ ಮಾಡುತ್ತಿದ್ದಳು. ಸಂಜೆಯಾದರೆ ಮೇಡಂ ಹಿಂದೆ ಕೂತು, ಅವರ ಕೂದಲನ್ನು ಹೆಣೆದು ಬಿಚ್ಚಿ ಮತ್ತೆ ಹೆಣೆಯುವಳು. ಅವರೂ ತಲೆ ಕೊಟ್ಟುಕೊಂಡು ಪುಸ್ತಕ ಓದುತ್ತಿದ್ದರು. ಪಾಲಮ್ಮ ಅವರನ್ನು ಅಕ್ಕಾ ಅನ್ನುತ್ತಿದ್ದಳು, ಬೋಂಡಾದ ಮೊದಲ ಒಬ್ಬೆ ಅವರಿಗೇ.

ನಾನು ಬಿದಿರು ಸೀಳುವಾಗ ಮೇಡಂ ಎದುರು ಬಂದು ಕೂರುತ್ತಿದ್ದರು. ಅಂಥ ಜಾಗದಲ್ಲಿ ಹೆಂಗಸರು ಕೂರುವುದಿಲ್ಲ. ನಾನು ಬೇಡವೆಂದೆ, ಅವರು ಕೇಳಲಿಲ್ಲ, ಆಮೇಲೆ ನನಗೂ ರೂಢಿಯಾಯಿತು.

“ಕಾಟಣ್ಣ, ಬೇರೆ ಊರಲ್ಲಿ ಯಾರು ಯಾಕೆ ಸತ್ತರು ಅಂತ ತಿಳಿಯೋಕೆ ನೂರೆಂಟು ತನಿಖೆ ಮಾಡ್ತಾರೆ. ಆದರೂ ತಿಳಿಯಲ್ಲ. ನಿಮ್ಮೂರಲ್ಲಿ ತಪ್ಪು ಎಲ್ಲಿದೆ ಅಂತ ಗೊತ್ತಾಗದೆ ಮಣ್ಣೇ ಆಗಲ್ಲ. ಹಳಬರು ಇದರಿಂದಲೇ ಕೆಟ್ಟ ಬಾವಿ ಯಾವುದು, ಮುಗ್ಗಿದ ಕಾಳು ಯಾವುದು ಅಂತ ಕಂಡುಹಿಡಿದಿದ್ದಾರೆ. ನ್ಯಾಯವೂ ಇದೇ, ವೈದ್ಯವೂ ಇದೇ” ಎಂದರು.

“ಹಂಗಾದ್ರೆ ನಾನು ಜಡ್ಜೋ ಡಾಕ್ಟ್ರೋ” ಎಂದೆ.

“ಎರಡೂ” ಎಂದು ನಕ್ಕರು. “ಹೇಳಿದ ಮೇಲೆ ಮತ್ತೆ ಎತ್ತಿ ಆಡೋ ಹಾಗಿಲ್ಲ ಅನ್ನೋದು ನೋಡಿ, ಅದು ದೊಡ್ಡ ಮಾತು. ಅಂಥ ದಯೆ ಯಾವ ಕೋರ್ಟಲ್ಲೂ ಇಲ್ಲ.”

ಅಷ್ಟು ಓದಿದವರು ನಮ್ಮೂರನ್ನು ಹೊಗಳಿದರೆ ಯಾರಿಗೆ ಖುಷಿಯಾಗುವುದಿಲ್ಲ? ನಾನು ಅವತ್ತು ಮನೆಗೆ ಹೋಗಿ ಹೆಂಡತಿಗೂ ಅದನ್ನೇ ಹೇಳಿದೆ. ಚಟ್ಟ ಕಟ್ಟೋನಿಗೆ ಕೋಡು ಮೂಡ್ತು ಎಂದಳು.

ಹೊಂಡದ ಮೇಲುಗಡೆ ನ್ಯಾಯದ ಕಟ್ಟೆ ಇದೆ. ಹಿಂದೆ ಹಿರಿಯರು ಕೂತು ತೀರ್ಮಾನ ಹೇಳುತ್ತಿದ್ದ ಜಾಗ. ಕಟ್ಟೆಯ ಬುಡದಲ್ಲಿ ಒಂದು ದೊಡ್ಡ ಚಪ್ಪಡಿ ನೆಲಕ್ಕೆ ಕಚ್ಚಿಕೊಂಡು ಬಿದ್ದಿತ್ತು. ಅದಕ್ಕೆ ಮೂಗಮ್ಮ ಎಂದು ಹೆಸರು. ಮೇಲೆ ಮುಖವಿಲ್ಲ, ಮೂರ್ತಿಯಿಲ್ಲ, ಬರೀ ಬೋಳು ಕಲ್ಲು. ಹಬ್ಬದ ದಿನ ಹೆಂಗಸರು ಅರಿಶಿನ ಕುಂಕುಮ ಇಟ್ಟು ಸದ್ದಿಲ್ಲದೆ ಬರುತ್ತಿದ್ದರು, ಯಾಕೆಂದು ಯಾರಿಗೂ ತಿಳಿಯದು. ಮೇಡಂ ಅದರ ಸುತ್ತ ಓಡಾಡಿ, ಕಿವಿಯಿಟ್ಟು ಬಡಿದು ನೋಡಿ, ಇದರಡಿ ಪೊಳ್ಳಿದೆ, ಬರಹ ಇದ್ದರೆ ಮಗುಚಿದ ಮಗ್ಗುಲಲ್ಲಿರುತ್ತದೆ ಎಂದರು. ಪುರಸಭೆಯ ಅಧ್ಯಕ್ಷ ರುದ್ರಮುನಿಯಪ್ಪ ಒಪ್ಪಿಗೆ ಕೊಟ್ಟ. ಮುದುಕರು ಒಂದಿಷ್ಟು ಗೊಣಗಿದರು, ಪೂಜೆ ಮಾಡಿಸಿದ ಮೇಲೆ ಅವರೂ ಬಂದು ಹಗ್ಗ ಹಿಡಿದರು. ಹಗ್ಗ ನನ್ನದೇ. ಹೊಂಡದ ಮೆಟ್ಟಿಲ ಮೇಲೆ ನಿಂತು ವೇಣಿ ಐಸಾ ಎಂದು ಕೂಗುತ್ತಿದ್ದಳು, ಊರೆಲ್ಲ ಎಳೆಯಿತು.

ಕಲ್ಲಿನಡಿ ಆಳು ನುಗ್ಗುವಷ್ಟು ದೊಡ್ಡ ಕಾಲುವೆಯ ಬಾಯಿ. ಒಳಗಿಂದ ತಣ್ಣನೆ ಗಾಳಿ ಬಂತು. ಮಗುಚಿದ ಕಲ್ಲಿನ ಒಳಮೈ ತುಂಬ ಅಕ್ಷರ. ಮೇಡಂ ಮೊಣಕಾಲೂರಿ, ಅಕ್ಕಿಹಿಟ್ಟು ಉಜ್ಜಿ, ಬೆರಳು ಓಡಿಸುತ್ತ ಓದಿದರು. ಓದಿದ್ದನ್ನು ನಮಗೂ ಬಿಡಿಸಿ ಹೇಳಿದರು. ಒಂದು ಕಾಲದಲ್ಲಿ ಊರಿಗೆ ಬೇನೆ ಬಂತು. ಬೀದಿಬೀದಿಯಲ್ಲಿ ಹೆಣ ಬಿದ್ದವು. ಯಾರು ಏನು ಹೊಣೆ ಹೇಳಿದರೂ ಒಂದೂ ಏಳಲಿಲ್ಲ. ಹಿರಿಯರು ಈ ಕಟ್ಟೆಯಲ್ಲಿ ಕೂತು ವಿಚಾರಿಸಿದಾಗ, ಮೇಲಿನ ಸಂತೆಮಾಳದ ಕೊಳೆಯೆಲ್ಲ ಈ ಕಾಲುವೆಯಲ್ಲಿ ಹರಿದು ಹೊಂಡ ಸೇರುತ್ತಿದೆ ಎಂದು ತಿಳಿಯಿತು. ಕಾಲುವೆ ತೋಡಿಸಿದ ನಾಯಕ ಬರಿಗಾಲಲ್ಲಿ ಬಂದು ಹೊಣೆ ನನ್ನದು ಅಂದ. ಊರ ಹೆಣಗಳೆಲ್ಲ ಎದ್ದವು. ನಾಯಕನಿಗೆ ಕಟ್ಟುಪಾಡಿನಂತೆ ಶಿಕ್ಷೆಯಿಲ್ಲ. ಆದರೆ ಕಾಲುವೆಗೆ ಶಿಕ್ಷೆಯಾಯಿತು. ಸೂರ್ಯ ಚಂದ್ರರು ಇರುವ ತನಕ ಬಾಯಿ ಮುಚ್ಚಿಕೊಂಡಿರಬೇಕು, ಈ ಕಲ್ಲನ್ನು ಎತ್ತಿದವನು ಗಂಗೆಯ ತಡಿಯಲ್ಲಿ ಕವಿಲೆ ಹಸುವ ಕೊಂದ ಪಾಪಕ್ಕೆ ಹೋಗಲಿ ಎಂದು ಬರೆಸಿದ್ದರು.

ಕಾಲುವೆಗೆ ಶಿಕ್ಷೆ ಎಂದಾಗ ನಾವೆಲ್ಲ ನಕ್ಕೆವು. ಮೇಡಂ ನಗಲಿಲ್ಲ, ಅವರ ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷ ಹುಡುಕಿದ್ದು ಒಂದೇ ಕಲ್ಲಲ್ಲಿ ಸಿಕ್ಕಿತು ಎಂದರು. ಪಾಪದ ಮಾತನ್ನು ಓದಿದ ಮೇಲಾದರೂ ಮುಚ್ಚಬಾರದಿತ್ತೇ ಎಂದು ನೀವು ಕೇಳಬಹುದು. ಅವತ್ತು ಸಂಜೆ ಪಾಲಮ್ಮ ಕೇಳಿದಳು.

“ಅಕ್ಕಾ, ಮೂಗಮ್ಮನ್ನ ಮತ್ತೆ ಮಲಗಿಸ್ಬೇಕಲ್ವಾ?”

“ಮಲಗಿಸೋಣ ಪಾಲಮ್ಮ. ನಾಳೆಯಿಂದ ಪಟ್ಟಣದಲ್ಲಿ ವಾರವಿಡೀ ಇತಿಹಾಸದವರ ಸಭೆ ಇದೆ, ಹೋಗಿ ಇದನ್ನು ಹೇಳಿ ಬರ್ತೀನಿ. ನಮ್ಮ ಗುರುಗಳು ಬಂದು ಹೇಗಿದೆಯೋ ಹಾಗೇ ನೋಡ್ಬೇಕು ಅಂತಾರೆ. ಆಮೇಲೆ ನಾನೇ ನಿಂತು ಮುಚ್ಚಿಸ್ತೀನಿ. ಮಳೆಗಾಲ ಇನ್ನೂ ದೂರ ಇದೆ” ಎಂದರು ಮೇಡಂ.

ಪಾಲಮ್ಮ, ಓದಿದವರು ಹೇಳಿದ ಮೇಲೆ ಸರಿಯಿರುತ್ತದೆ ಎಂದುಕೊಂಡಳು. ನಾವೂ ಹಾಗೇ ಅಂದುಕೊಂಡೆವು. ಒಂದು ತಗಡಿನ ಶೀಟು ಎಳೆದು ಗುಂಡಿಯ ಬಾಯಿಗೆ ಹಾಕಿದೆವು. ಮಾರನೆ ಬೆಳಿಗ್ಗೆ ಬಸ್ಸು ಹತ್ತುವಾಗ ಮೇಡಂ ವೇಣಿಯ ಗಲ್ಲ ಹಿಡಿದು, ನಿನಗೇನು ತರಲಿ ಎಂದರು. ಆ ಹುಡುಗಿ ಏನು ಕೇಳಿದಳೆಂದು ಹೇಳಬೇಕಾಗಿಲ್ಲ.

ಅವರು ಅತ್ತ ಹೋದರು, ಇತ್ತ ಮಳೆ ಬಂತು. ಆ ತಿಂಗಳಲ್ಲಿ ಮಳೆ ಬಂದದ್ದನ್ನು ನಾನು ಕಂಡಿರಲಿಲ್ಲ. ಸಂತೆ ಮುಗಿದು ಕೊಳೆತ ಸೊಪ್ಪು ಸದೆ, ದನದ ಸಗಣಿ ಎಲ್ಲ ಹಾಗೇ ಬಿದ್ದಿತ್ತು. ಮಳೆ ಬಿರುಸಾಗಿ ಹೊಡೆದು ನಿಂತಿತು. ಹೊಂಡ ತುಂಬಿತಲ್ಲ ಎಂದು ಜನ ಸಂತೋಷಪಟ್ಟರು. ನೀರು ನೋಡುವುದಕ್ಕೆ ತಿಳಿಯಾಗೇ ಇತ್ತು. ಆಮೇಲೆ ಹೊಂಡದ ಬೀದಿಯ ಮನೆಮನೆಯಲ್ಲೂ ವಾಂತಿಭೇದಿ ಶುರುವಾಯಿತು. ಆರೋಗ್ಯ ಇಲಾಖೆಯವರು ಟ್ಯಾಂಕರಿನಲ್ಲಿ ನೀರು ತಂದರು, ಉಪ್ಪು ಸಕ್ಕರೆ ನೀರು ಕುಡಿಸಿದರು, ಸೂಜಿ ಚುಚ್ಚಿದರು. ಬಹಳ ಜನ ಹಾಸಿಗೆ ಹಿಡಿದು ಎದ್ದರು. ಏಳದವಳು ವೇಣಿ ಒಬ್ಬಳೇ.

ನನ್ನನ್ನು ಕರೆದಾಗ ಬರಿಗೈಯಲ್ಲಿ ಹೋದೆ. ಮಕ್ಕಳಿಗೆ ಚಟ್ಟವಿಲ್ಲ. ಹೊಣೆ ಹೊತ್ತವರು ತೋಳಲ್ಲೇ ಎತ್ತಿಕೊಂಡು ಹೋಗಬೇಕು, ಅದು ರೂಢಿ. ನಡುಮನೆಯಲ್ಲಿ ಚಾಪೆಯ ಮೇಲೆ ಹುಡುಗಿಯನ್ನು ಮಲಗಿಸಿದ್ದರು, ಹೊಸ ಲಂಗ ತೊಡಿಸಿದ್ದರು. ಪಾಲಮ್ಮ ಕಾಲ ಬಳಿ ನಿಂತು, “ಹೊಂಡದಿಂದ ನೀರು ತಂದು ಕುಡಿಸ್ದೋಳು ನಾನು. ಹೊಣೆ ನಂದು” ಎಂದಳು. ಬಗ್ಗಿ ತೋಳು ಕೊಟ್ಟಳು. ಹುಡುಗಿ ಏಳಲಿಲ್ಲ.

ಪಾಲಮ್ಮ ಮತ್ತೆ ಹೇಳಿದಳು. ಹೋದ ವಾರ ಬೆನ್ನಿಗೆ ಹೊಡೆದೆ, ಹೊಣೆ ನಂದು. ಬಾಟಲಿ ಕೇಳಿದಾಗ ಬೈದೆ, ಹೊಣೆ ನಂದು. ಹೊಟ್ಟೆನೋವು ಅಂದಾಗ ಎಣ್ಣೆ ಬಾಣಲೆ ಬಿಟ್ಟು ಬರಲಿಲ್ಲ, ಹೊಣೆ ನಂದು. ಒಂದೊಂದು ಮಾತಿಗೂ ಬಗ್ಗಿ ಮಗಳ ಬೆನ್ನಡಿ ಕೈಹಾಕುವಳು, ಎತ್ತಲು ನೋಡುವಳು. ಒಂದು ಮಾತೂ ಸುಳ್ಳಲ್ಲ, ಆದರೆ ಹುಡುಗಿಗೆ ಬೇಕಾದದ್ದು ಅದಲ್ಲ. ನಾನು ಎಷ್ಟೋ ಸಾವು ಕಂಡವನು. ಹೆತ್ತವಳ ಕೈಗೆ ಕೂಸು ಏಳದ್ದನ್ನು ಅವತ್ತೇ ನೋಡಿದ್ದು, ನೋಡಲಾರದೆ ಗೋಡೆಯ ಕಡೆ ತಿರುಗಿ ಅತ್ತೆ.

ಹಗ್ಗ ಎಳೆದವನು ನಾನು ಎಂದೆ. ಒಪ್ಪಿಗೆ ಕೊಟ್ಟವನು ನಾನು ಎಂದ ಅಧ್ಯಕ್ಷ ರುದ್ರಮುನಿಯಪ್ಪ. ಸಂತೆಮಾಳ ಗುಡಿಸದವರು, ತಗಡು ಸರಿಯಾಗಿ ಹಾಕದವರು, ಎಲ್ಲರೂ ಸಾಲಾಗಿ ಬಂದು ಹೇಳಿದರು. ಆಗಲಿಲ್ಲ. ಅಷ್ಟು ಹೊತ್ತಿಗೆ ಮೂಗಮ್ಮನ ಗುಂಡಿಯ ಹತ್ತಿರ ಹೋಗಿ ಬಂದವರೆಲ್ಲರಿಗೂ ಇನ್ನು ಯಾರ ಮಾತು ಬಾಕಿಯೆಂದು ಗೊತ್ತಾಗಿತ್ತು. ಆದರೆ ಇನ್ನೊಬ್ಬರ ಹೊಣೆ ಹೇಳುವಂತಿಲ್ಲ. ಪಾಲಮ್ಮನೂ ಹೇಳಲಿಲ್ಲ. ಬಾಯಿ ಬಿಗಿಹಿಡಿದು ಮಗಳ ತಲೆಯ ಬಳಿ ಕೂತಳು. ಮಧ್ಯಾಹ್ನದ ಬಸ್ಸು ಬರುವ ತನಕ ಊರು ಬಿಸಿಲಲ್ಲಿ ಕಾಯಿತು.

ಮೇಡಂ ಬಸ್ಸಿಳಿದು ಬಂದರು. ಭುಜದ ಮೇಲೆ ಸಭೆಯಲ್ಲಿ ಹೊದಿಸಿದ ಶಾಲು, ಕೈಯಲ್ಲಿ ಕೆಂಪು ಮುಚ್ಚಳದ ಪುಟ್ಟ ಸ್ಟೀಲ್ ಬಾಟಲಿ. ಬಾಗಿಲಲ್ಲಿ ಜನ ಕಂಡು ಓಡಿಬಂದರು, ಒಳಗೆ ನೋಡಿದರು, ಅಲ್ಲೇ ಕುಸಿದು ಕೂತರು. ಏನಾಯಿತು ಎಂದು ಅವರು ಕೇಳಿದಾಗ ಯಾರೂ ಉತ್ತರ ಕೊಡಲಿಲ್ಲ. ಆರೋಗ್ಯ ಇಲಾಖೆಯ ಹುಡುಗ ಮಾತ್ರ, ನೀರು ಕೆಟ್ಟಿದೆ ಮೇಡಂ ಎಂದ.

“ಪರೀಕ್ಷೆಗೆ ಕಳಿಸಿದ್ದೀರಾ? ಎಲ್ಲಿಂದ ಕೆಟ್ಟಿತು ಅಂತ ನೋಡಬೇಕಲ್ಲ, ಬೇರೆ ಏನಾದರೂ…” ಎಂದು ಶುರುಮಾಡಿದವರು ನಮ್ಮ ಮುಖ ನೋಡಿ ನಿಲ್ಲಿಸಿದರು. ನಾವೆಲ್ಲ ನೆಲ ನೋಡುತ್ತಿದ್ದೆವು. ಅವರು ಎದ್ದು ನ್ಯಾಯದ ಕಟ್ಟೆಯ ಕಡೆ ಹೋದರು. ಅವರ ಹಿಂದೆ ಯಾರೂ ಹೋಗಲಿಲ್ಲ. ಕಾಲುವೆಯಲ್ಲಿ ಆಗಲೂ ಸಂತೆಮಾಳದ ನೀರು ಸಣ್ಣಗೆ ಹರಿಯುತ್ತಿತ್ತು, ಅದನ್ನು ನಾನು ಬೆಳಿಗ್ಗೆಯೇ ನೋಡಿದ್ದೆ.

ತಿರುಗಿ ಬಂದಾಗ ಶಾಲು ಮೈಮೇಲಿರಲಿಲ್ಲ. ವೇಣಿಯ ಕಾಲ ಬಳಿ ನಿಂತರು. ನಮ್ಮೂರಿನವರಲ್ಲದವರು ಆ ಜಾಗದಲ್ಲಿ ನಿಲ್ಲಲು ಹೆದರುತ್ತಾರೆ. ಅವರೂ ಹೆದರಿದ್ದರು, ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು.

“ಕಲ್ಲಲ್ಲಿ ಏನಿದೆ ಅಂತ ಓದಿದವಳು ನಾನು. ಓದಿದ ಮೇಲೂ ತೆಗೆದಿಟ್ಟು ಹೋದವಳು ನಾನು. ಪಾಲಮ್ಮ ಕೇಳಿದಳು, ಬಂದು ಮುಚ್ಚಿಸ್ತೀನಿ ಅಂದೆ. ನಿನ್ನ ಜೊತೆ ಒಂದೇ ಮನೆಯಲ್ಲಿದ್ದು ನಾನು ಮಾತ್ರ ಕಾಯಿಸಿದ ನೀರು ಕುಡಿದೆ ಮಗಳೇ. ಹೊಣೆ ನನ್ನದು” ಎಂದರು.

ಬಗ್ಗಿ ಕೈಹಾಕಿದರು. ಹುಡುಗಿ ಹತ್ತಿಯ ಹಾಗೆ ಎದ್ದಳು. ಪಾಲಮ್ಮನ ಬಾಯಿಂದ ಒಂದು ಸದ್ದು ಬಂತು, ಅದು ಅಳುವಲ್ಲ, ಏನೆಂದು ನನಗೆ ಹೇಳಲು ಬರುವುದಿಲ್ಲ. ಮಣ್ಣಿನ ಜಾಗದವರೆಗೆ ಮೇಡಂ ವೇಣಿಯನ್ನು ಎದೆಗೆ ಒತ್ತಿಕೊಂಡು ನಡೆದರು, ಹೆತ್ತವಳು ಬರಿಗೈಯಲ್ಲಿ ಪಕ್ಕದಲ್ಲಿ ನಡೆದಳು. ಗುಂಡಿಯೊಳಗೆ ಆ ಬಾಟಲಿಯನ್ನೂ ಇಟ್ಟೆವು. ಅವತ್ತೇ ಸಂಜೆ ಊರವರು ಸೇರಿ ಮೂಗಮ್ಮನನ್ನು ಮತ್ತೆ ಮಲಗಿಸಿದರು. ಅಕ್ಷರದ ಮಗ್ಗುಲು ಕೆಳಗಾಯಿತು.

ಮೇಡಂ ಇನ್ನು ಊರು ಬಿಡುತ್ತಾರೆ ಎಂದುಕೊಂಡಿದ್ದೆವು. ಬಿಡಲಿಲ್ಲ. ಪಾಲಮ್ಮನ ಕೋಣೆ ಖಾಲಿ ಮಾಡಿ, ನ್ಯಾಯದ ಕಟ್ಟೆಯ ಹಿಂದೆ ಹಂಚಿನ ಮನೆ ಹಿಡಿದರು. ಕಾಲೇಜಿನ ಕೆಲಸ ಬಿಟ್ಟರು. ಬೆಳಿಗ್ಗೆ ಎದ್ದರೆ ಮೂಗಮ್ಮನ ಸುತ್ತ ಒಂದು ಸುತ್ತು ಬಂದು ಸಂದಿಗೆ ಗಾರೆ ಬಿರಿದಿದೆಯೇ ಎಂದು ನೋಡುವುದು, ಹೊಂಡದಲ್ಲಿ ಬಟ್ಟೆ ಒಗೆಯುವವರ ಜೊತೆ ಜಗಳ, ಸಂತೆ ಮುಗಿದ ಮೇಲೆ ಪೊರಕೆ ಹಿಡಿದು ನಿಲ್ಲುವುದು, ಶಾಲೆಯಲ್ಲಿ ದೊಡ್ಡ ಹಂಡೆ ಇಡಿಸಿ ನೀರು ಕಾಯಿಸುವುದು. ಜನ ಗೊಣಗುತ್ತಲೇ ಕಾಯಿಸಿ ಕುಡಿಯುವುದನ್ನು ಕಲಿತರು. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಅನ್ನುತ್ತಾರಲ್ಲ, ಇವರು ನೀರಿಗೆ ಬಂದವರು ನೀರಲ್ಲೇ ಉಳಿದರು. ಇದನ್ನೆಲ್ಲ ಪುಸ್ತಕ ಮಾಡಲ್ವಾ ಎಂದು ಕೇಳಿದರೆ, ಬರೆಯುವಷ್ಟು ತಿಳಿದಿಲ್ಲ ಕಾಟಣ್ಣ ಅನ್ನುತ್ತಿದ್ದರು.

ಸಂಜೆ ಬೋಂಡಾದ ಹೊತ್ತಿಗೆ ಪಾಲಮ್ಮನ ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದರು. “ಪಾಲಮ್ಮ, ಚೆನ್ನಾಗಿದ್ದೀಯಾ?” ಎಂದು ಕೇಳುವರು. ಪಾಲಮ್ಮ ಅತ್ತ ನೋಡದೆ ಮಂಡಕ್ಕಿ ಪೊಟ್ಟಣ ಕಟ್ಟಿ ಹಲಗೆಯ ಮೇಲಿಡುವಳು. ಕೈಗೆ ಕೊಡುತ್ತಿರಲಿಲ್ಲ. ಮೇಡಂ ತೆಗೆದುಕೊಂಡು ಹೋಗುವರು. ಜ್ವರವಿರಲಿ, ಹಬ್ಬವಿರಲಿ, ಇದು ತಪ್ಪಿದ್ದನ್ನು ನಾನು ಕಾಣೆ. ಇಬ್ಬರ ತಲೆಯೂ ನೆರೆಯಿತು. ಅದೇ ಪ್ರಶ್ನೆ, ಅದೇ ಪೊಟ್ಟಣ. ಮೊದಮೊದಲು ಅಂಗಡಿಯಲ್ಲಿದ್ದ ಗಿರಾಕಿಗಳು ಮಾತು ನಿಲ್ಲಿಸಿ ನೋಡುತ್ತಿದ್ದರು, ಆಮೇಲೆ ಅದೂ ನಿಂತಿತು.

ಒಂದು ದಿನ ತಡೆಯಲಾರದೆ ಪಾಲಮ್ಮನಿಗೆ ಹೇಳಿದೆ. “ಒಂದು ಮಾತಾಡವ್ವ. ಹೂಂ ಅಂದ್ರೆ ನಿನ್ನ ಗಂಟೇನು ಹೋಗ್ತೈತೆ?”

ಅವಳು ಜಾಲರಿಯಿಂದ ಬೋಂಡಾ ಎತ್ತುತ್ತಿದ್ದಳು. “ಊರ ಕಟ್ಟುಪಾಡು ಏನೈತೆ ಕಾಟಣ್ಣ? ಆ ತಪ್ಪಿನ ಮಾತು ಎತ್ತಬಾರ್ದು. ನಾನೇನಾದ್ರೂ ಎತ್ತಿದೀನಾ?”

“ಇಲ್ಲ.”

“ನನ್ನ ಹೊಟ್ಟೇಲಿ ಇರೋದು ಅದೊಂದೇ ಮಾತು. ಅದನ್ನ ಆಡಂಗಿಲ್ಲ ಅಂತೀರಿ. ಬೇರೆ ಮಾತು ಎಲ್ಲಿಂದ ತರ್ಲಿ? ನನ್ನ ಕೂಸು ನನ್ನ ಕೈಗೆ ಏಳ್ಲಿಲ್ಲ, ಅವರ ಕೈಗೆ ಎದ್ದಳು. ಅದನ್ನ ನಾನು ಯಾರಿಗೆ ಹೇಳ್ಲಿ?”

ಇದನ್ನು ಮೇಡಂಗೆ ಹೇಳಬಾರದಿತ್ತು, ಆದರೆ ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ, ಹೇಳಿದೆ. ಅವರು, “ನಿಮ್ಮೂರ ನ್ಯಾಯದಲ್ಲಿ ದಯೆ ಇದೆ ಅಂದಿದ್ದೆ, ನೆನಪಿದೆಯಾ ಕಾಟಣ್ಣ? ತಪ್ಪು ಮಾಡಿದವರಿಗೆ ಇದೆ. ಕಳಕೊಂಡವರಿಗೆ ಏನಿದೆ ಅಂತ ಆ ಕಲ್ಲಲ್ಲಿ ಒಂದು ಸಾಲೂ ಇಲ್ಲ. ಕಾಲುವೆಯ ಬಾಯಿ ಮುಚ್ಚೋದರ ಜೊತೆಗೆ ಅವರ ಬಾಯನ್ನೂ ಮುಚ್ಚಿಬಿಟ್ಟರು” ಎಂದರು. ಮಾರನೆ ಸಂಜೆಯೂ ಹೋಗಿ ಅದೇ ಪ್ರಶ್ನೆ ಕೇಳಿದರು.

ಹೋದ ಮಾಘದಲ್ಲಿ ಮೇಡಂ ಹೋದರು. ಶಾಲೆಗೆ ನೀರು ಕಾಯಿಸಲು ಬರಲಿಲ್ಲವೆಂದು ಮೇಷ್ಟರು ನೋಡಲು ಹೋದರೆ, ಕುರ್ಚಿಯಲ್ಲಿ ಕೂತ ಹಾಗೇ ಇದ್ದರಂತೆ. ಕನ್ನಡಕ ತಲೆಯ ಮೇಲಿತ್ತು. ನಾನು ಒಳ್ಳೆಯ ಬಿದಿರನ್ನೇ ಆರಿಸಿ ಚಟ್ಟ ಕಟ್ಟಿದೆ. ಅವರು ನನ್ನ ಎದುರು ಕೂತು ಮಾತಾಡುತ್ತಿದ್ದ ಜಾಗದಲ್ಲೇ ಕೂತು ಕಟ್ಟಿದೆ.

ಪಟ್ಟಣದಿಂದ ತಮ್ಮ ಬಂದ. ನಮ್ಮ ರೂಢಿ ಕೇಳಿ ಹುಬ್ಬು ಗಂಟಿಕ್ಕಿದ, ಕಾರಿನ ಡ್ರೈವರನ ಜೊತೆ ಎತ್ತಲು ಹೋದ, ಸೊಂಟ ಹಿಡಿದುಕೊಂಡ. ಆಮೇಲೆ ತಲೆ ತಗ್ಗಿಸಿ, “ಅಕ್ಕ ಫೋನ್ ಮಾಡಿದಾಗೆಲ್ಲ ಮೀಟಿಂಗಲ್ಲಿದ್ದೀನಿ ಅಂತಿದ್ದೆ. ಹೊಣೆ ನನ್ನದು” ಎಂದ. ಏಳಲಿಲ್ಲ. ಬೆನ್ನ ಹಿಂದೆ ನಕ್ಕವರು, ಪೊರಕೆ ಮೇಡಂ ಎಂದು ಹೆಸರಿಟ್ಟವರು, ಕಾಯಿಸದ ನೀರನ್ನೇ ಕಾಯಿಸಿದ್ದೆಂದು ಸುಳ್ಳು ಹೇಳಿದವರು, ಒಬ್ಬೊಬ್ಬರಾಗಿ ಬಂದು ಹೇಳಿದರು. ಪಾಲಮ್ಮನ ಮಾತನ್ನು ಹೋಗಿ ಹೇಳಿ ಮನಸ್ಸು ಚುಚ್ಚಿದವನು ನಾನು ಎಂದು ನಾನೂ ಹೇಳಿದೆ. ಅವರು ಹಾಗೇ ಮಲಗಿದ್ದರು. ಬಿಸಿಲು ಅಂಗಳದಿಂದ ಜಗಲಿಗೆ ಏರಿತು. ಎಲ್ಲರೂ ಹೊಂಡದ ಕಡೆ ನೋಡದೆ ಇರಲು ಕಷ್ಟಪಡುತ್ತಿದ್ದರು.

ಪಾಲಮ್ಮ ಒಲೆ ಉರಿಯುತ್ತಿದ್ದ ಹಾಗೇ ಬಿಟ್ಟು ಬಂದಳು. ಸೆರಗಲ್ಲಿ ಕೈಯ ಎಣ್ಣೆ ಒರೆಸಿಕೊಂಡಳು. ಜನ ದಾರಿ ಬಿಟ್ಟರು. ಮೇಡಂ ಕಾಲ ಬಳಿ ನಿಂತು ಅವರ ಸೀರೆಯ ಅಂಚು ಸರಿಮಾಡಿದಳು. ಹೇಳುವುದಿಲ್ಲವೇನೋ ಎಂದುಕೊಂಡೆ. ಹೇಳದಿದ್ದರೂ ಅವಳನ್ನು ಯಾರು ಕೇಳುವ ಹಾಗಿದ್ದರು?

“ದಿನಾ ಬಂದು ಕೇಳ್ತಿದ್ರು. ನನಗೆ ಕೇಳಿಸ್ತಿತ್ತು. ಒಂದು ದಿನಕ್ಕೂ ಉತ್ರ ಕೊಡ್ಲಿಲ್ಲ. ಹೊಣೆ ನಂದು” ಎಂದಳು.

ನಾನು ಭುಜದಡಿ ಕೈಹಾಕಿದೆ. ಎದ್ದರು. ಅಷ್ಟು ಹಗುರವಾದ ಮೈಯನ್ನು ವೇಣಿಯ ನಂತರ ನಾನು ಮುಟ್ಟಿರಲಿಲ್ಲ.

ಪಾಲಮ್ಮ ಕಟ್ಟುಪಾಡಿನಂತೆ ತಲೆಯ ಕಡೆಗೆ ಹೆಗಲು ಕೊಟ್ಟಳು. ನಾನು ಅವಳ ಹಿಂದೆ ಹಿಡಿದಿದ್ದೆ. ಹೊಂಡ ದಾಟಿ, ಮೂಗಮ್ಮನನ್ನು ದಾಟಿ ಮಣ್ಣಿನ ದಾರಿ ಹಿಡಿದಾಗ ಅವಳು ಏನೋ ಗೊಣಗುತ್ತಿರುವುದು ಕೇಳಿಸಿತು. ದೇವರ ನಾಮವಿರಬೇಕು ಎಂದುಕೊಂಡೆ. ಏರು ಬಂದು ನಡಿಗೆ ನಿಧಾನವಾದಾಗ ಮಾತು ಸ್ಪಷ್ಟವಾಯಿತು. ಅವಳು ತಲೆಯನ್ನು ಚಟ್ಟದ ಕಡೆ ವಾಲಿಸಿಕೊಂಡು, ನೆರೆಮನೆಯವಳ ಜೊತೆ ಮಾತಾಡುವ ದನಿಯಲ್ಲಿ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು.

“ಚೆನ್ನಾಗಿಲ್ಲ ಕಣಕ್ಕಾ. ಇದೀನಿ.”